ಸುಲೈಮಾನರ ಉಂಗುರ ಯಾವ ಎಪಿಸೋಡಿಗೆ ಬರುತ್ತೆ?

ಅಲಾದೀನನ ಕತೆಯಲ್ಲಿ ಎಷ್ಟು ಮಾಯದ ವಸ್ತುಗಳಿವೆ ಅಂತ ನಿಮ್ಮನ್ನು ಕೇಳಿದರೆ, ಹೆಚ್ಚಿನವರು ಒಂದು ಅಂತೀರಿ. ದೀಪ. ಆದರೆ ಮೂಲ ಕತೆಯಲ್ಲಿ ಇರುವುದು ಎರಡು. ದೀಪಕ್ಕೂ ಮುಂಚೆ ಉಂಗುರ ಬರುತ್ತದೆ. ಗುಹೆಯೊಳಗೆ ಇಳಿಸುವ ಮೊದಲು ಮಾಂತ್ರಿಕನೇ ಅದನ್ನು ಹುಡುಗನ ಬೆರಳಿಗೆ ತೊಡಿಸುತ್ತಾನೆ. ಆಮೇಲೆ ಗುಹೆಯ ಬಾಯಿ ಮುಚ್ಚಿಹೋಗಿ, ಕತ್ತಲಲ್ಲಿ ಕೂತು ಹುಡುಗ ಅಲ್ಲಾಹನಲ್ಲಿ ಮೊರೆಯಿಡಲು ಎರಡೂ ಕೈ ಜೋಡಿಸುತ್ತಾನೆ. ಆಗ ಉಂಗುರ ತಾನಾಗಿ ಉಜ್ಜಿಹೋಗಿ ಜಿನ್ನ್ ಪ್ರತ್ಯಕ್ಷನಾಗುತ್ತಾನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹುಡುಗನಿಗೆ ಉಂಗುರದ ಶಕ್ತಿ ಗೊತ್ತಿರಲಿಲ್ಲ. ಅವನು ಮಾಡಿದ್ದು ದುಆ.

ಡಿಸ್ನಿಯವರು 1992ರಲ್ಲಿ ಸಿನಿಮಾ ಮಾಡಿದಾಗ ಉಂಗುರವನ್ನು ಬಿಟ್ಟುಬಿಟ್ಟರು. ಅಲ್ಲಿಂದೀಚೆಗೆ ಜಗತ್ತಿನ ಮಕ್ಕಳಿಗೆ ಅಲಾದೀನ್ ಅಂದರೆ ದೀಪ ಮಾತ್ರ. ನಮ್ಮಲ್ಲಿ 2018ರ ಆಗಸ್ಟ್‌ನಲ್ಲಿ ಸೋನಿ ಸಬ್ ವಾಹಿನಿಯಲ್ಲಿ ಶುರುವಾಗಿ 2021ರ ಫೆಬ್ರವರಿ ತನಕ ನಡೆದ 'ಅಲಾದೀನ್ - ನಾಮ್ ತೋ ಸುನಾ ಹೋಗಾ' ಧಾರಾವಾಹಿಯೂ ಬಾಗ್ದಾದ್, ಜಾಫರ್, ಯಾಸ್ಮೀನ್, ಚಿರಾಗ್ ಅಂತ ಅದೇ ದಾರಿ ಹಿಡಿದದ್ದು. ಮೂಲದಲ್ಲಿ ಕತೆ ನಡೆಯುವುದು ಚೀನಾದಲ್ಲಿ, ಬಾಗ್ದಾದಿನಲ್ಲಲ್ಲ. ಇದನ್ನು ಪ್ಯಾರಿಸ್ಸಿನಲ್ಲಿ ಆಂತ್ವಾನ್ ಗಲಾನ್ ಎಂಬ ಫ್ರೆಂಚ್ ವಿದ್ವಾಂಸನಿಗೆ 1709ರಲ್ಲಿ ಹೇಳಿದವನು ಅಲೆಪ್ಪೋದ ಹನ್ನಾ ದಿಯಾಬ್ ಎಂಬ ಕ್ರೈಸ್ತ ಯುವಕ. ಅದಕ್ಕೂ ಹಿಂದಿನ ಯಾವ ಅರಬಿ ಪ್ರತಿಯೂ ಇದುವರೆಗೆ ಸಿಕ್ಕಿಲ್ಲ. ಅಂದರೆ 'ನಮ್ಮ' ಕತೆ ಅಂತ ನಾವು ಎದೆಯುಬ್ಬಿಸುವ ಕತೆಯ ಊರುಕೇರಿ ಇಷ್ಟು ಅಸ್ತವ್ಯಸ್ತ. ಇರಲಿ, ಕತೆಗಳಿಗೆ ಪಾಸ್‌ಪೋರ್ಟ್ ಕೇಳುವ ಕೆಲಸ ನನಗೆ ಬೇಡ. ನನ್ನ ಪ್ರಶ್ನೆ ಉಂಗುರದ್ದು.

ಯಾಕೆಂದರೆ ಪ್ರೇಕ್ಷಕರು ಅದನ್ನು ಬಿಟ್ಟಿಲ್ಲ. ನಾನಿರುವ ಮೌದಾ, ನಾಗಪುರದಿಂದ ಭಂಡಾರಾಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಇಲ್ಲೊಂದು ದೊಡ್ಡ ಉಷ್ಣವಿದ್ಯುತ್ ಸ್ಥಾವರ ಇರೋದರಿಂದ ಎಲ್ಲ ರಾಜ್ಯದ ಜನ ಇದ್ದಾರೆ. ಕನ್ನಡದ ಮನೆಗಳು ಕಡಿಮೆ. ಮಕ್ಕಳು ಹೊರಗೆ ಹಿಂದಿ-ಮರಾಠಿ ಆಡಿ, ಮನೆಗೆ ಬಂದು ಅದೇ ಹಿಂದಿಗೆ ಕನ್ನಡದ ಬಾಲ ಅಂಟಿಸುತ್ತವೆ. ಆ ಧಾರಾವಾಹಿ ನಡೆಯುತ್ತಿದ್ದ ಕಾಲದಲ್ಲಿ ಈ ಮಕ್ಕಳ ದೊಡ್ಡ ಚರ್ಚೆ ಯಾವುದು ಗೊತ್ತಾ? 'ಸುಲೈಮಾನಿ ಅಂಗೂಠಿ' ಯಾವಾಗ ಬರುತ್ತೆ ಅನ್ನೋದು. ದೀಪಕ್ಕಿಂತ ದೊಡ್ಡದು ಅದೊಂದೇ, ಜಿನ್ನ್‌ಗಳೆಲ್ಲ ಅದಕ್ಕೆ ಹೆದರುತ್ತವೆ, ಆದ್ದರಿಂದ ಕೊನೆಗೆ ಅದು ಬಂದೇ ಬರಬೇಕು ಎಂಬ ತರ್ಕ. ಅದು ಜಾಫರ್ ಹತ್ತಿರವೇ ಇದೆ ಅಂತ ಒಬ್ಬ. ಮರುಭೂಮಿಯಲ್ಲಿ ಹೂತಿದೆ ಅಂತ ಇನ್ನೊಬ್ಬ. ವಿಜಯಪುರದ ಕಡೆಯ ಅಜ್ಜಿಯೊಬ್ಬರ ಮೊಮ್ಮಗಳು ಮಾತ್ರ ಬಹಳ ನಿಶ್ಚಯದಿಂದ ಹೇಳಿದಳು: "ಇಲ್ರೀ ಅಂಕಲ್, ಅದು ಮೀನಿನ ಹೊಟ್ಟ್ಯಾಗ ಐತಿ."

ಆ ಹುಡುಗಿ ಟಿವಿಯಿಂದ ಕಲಿತದ್ದಲ್ಲ ಅದು. ಬಹಳ ಹಳೆಯ ಕತೆ. ಸುಲೈಮಾನ್(ಅ) ಶೌಚಕ್ಕೆ ಹೋಗುವಾಗ ಉಂಗುರವನ್ನು ಪತ್ನಿಯ ಕೈಗೆ ಕೊಟ್ಟು ಹೋಗುತ್ತಿದ್ದರಂತೆ. ಸಖ್ರ್ ಎಂಬ ಶೈತಾನ ಅವರ ರೂಪದಲ್ಲಿ ಬಂದು ಅದನ್ನು ಇಸಿದುಕೊಂಡು ನಲವತ್ತು ದಿನ ಸಿಂಹಾಸನದಲ್ಲಿ ಕೂತನಂತೆ. ಪ್ರವಾದಿಯವರು ಬೆಸ್ತರ ಬಳಿ ಕೂಲಿ ಮಾಡುತ್ತಿರುವಾಗ, ಕೂಲಿಗೆ ಸಿಕ್ಕ ಮೀನು ಸೀಳಿದರೆ ಒಳಗೆ ಉಂಗುರ! ಕೆಲವು ತಫ್ಸೀರ್ ಗ್ರಂಥಗಳಲ್ಲಿ ಇದು ದಾಖಲಾಗಿದೆ. ಆದರೆ ಇಬ್ನು ಕಸೀರ್ ಅಂಥವರು ಇದನ್ನು ಇಸ್ರಾಈಲಿಯ್ಯಾತ್, ಅಂದರೆ ಯಹೂದಿ ಮೂಲಗಳಿಂದ ಬಂದ ಕತೆ ಅಂತ ಬದಿಗಿಟ್ಟರು. ಅವರು ಹೇಳಿದ್ದು ಸರಿಯೇ. ಬ್ಯಾಬಿಲೋನಿನ ತಾಲ್ಮುದಿನಲ್ಲಿ ಅಶ್ಮೆದಾಯ್ ಎಂಬ ದೆವ್ವಗಳ ರಾಜ ಸುಲೈಮಾನರ ಉಂಗುರ ನುಂಗಿ ಅವರನ್ನು ಬಹುದೂರ ಎಸೆಯುವ ಪ್ರಸಂಗವಿದೆ. ಉಂಗುರ ನೀರಿಗೆ ಬಿದ್ದು ಮೀನಿನ ಹೊಟ್ಟೆಯಲ್ಲಿ ಸಿಗುವುದಂತೂ ಇನ್ನೂ ಹಳೆಯ ನಮೂನೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಪಾಲಿಕ್ರೆಟಿಸ್ ರಾಜನ ಉಂಗುರವೂ ಮೀನಿನ ಹೊಟ್ಟೆಯಿಂದಲೇ ವಾಪಸು ಬಂದದ್ದು. ನಮ್ಮಲ್ಲಿ ಶಕುಂತಲೆಯ ಉಂಗುರ ನಿಮಗೆ ಗೊತ್ತೇ ಇದೆ. ಕನ್ನಡ ಶಾಲೆಗೆ ಹೋದ ಯಾರಿಗೂ ಅದನ್ನು ವಿವರಿಸಬೇಕಿಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಶಕುಂತಲೆಯ ಉಂಗುರಕ್ಕೆ ಯಾವ ಬಲವೂ ಇಲ್ಲ. ಅದರ ಕೆಲಸ ನೆನಪು ಮಾಡಿಕೊಡುವುದು. ಹನುಮಂತ ಸೀತೆಗೆ ಕೊಟ್ಟ ಮುದ್ರೆಯುಂಗುರವೂ ಅಷ್ಟೇ, ಗುರುತು. 'ಮುದ್ರೆ' ಎಂಬ ನಮ್ಮ ಮಾತಿನಲ್ಲೇ ಅದು ಇದೆ. ಕಾಗದದ ಮೇಲೆ ಒತ್ತಿದಾಗ ಇದು ಇಂಥವರದ್ದು ಅಂತ ಸಾಕ್ಷಿ ಹೇಳುವ ವಸ್ತು. ಧಾರಾವಾಹಿಗಳ ಕೈಗೆ ಬರುವ ಹೊತ್ತಿಗೆ ಇದೇ ಮುದ್ರೆ ರಿಮೋಟ್ ಕಂಟ್ರೋಲ್ ಆಗಿಬಿಡುತ್ತದೆ. ಒತ್ತಿದರೆ ಬೆಂಕಿ, ತಿರುಗಿಸಿದರೆ ಬಿರುಗಾಳಿ. ಗ್ರಾಫಿಕ್ಸಿನ ನೀಲಿ ಬೆಳಕು ಬಂತೆಂದರೆ ಅದು ಪವಿತ್ರ ವಸ್ತು ಅಂತ ನಾವು ತಿಳಿದುಕೊಳ್ಳಬೇಕು. ನನ್ನ ತಕರಾರು ಇಲ್ಲಿಂದಲೇ ಶುರು.

ಕುರ್‌ಆನಿನಲ್ಲಿ ಸುಲೈಮಾನ್(ಅ) ಅವರ ಉಂಗುರ ಇಲ್ಲವೇ ಇಲ್ಲ. ಗಾಳಿ ಅಧೀನವಾಗಿದ್ದುದು ಇದೆ, ಹಕ್ಕಿಗಳ ಭಾಷೆ ಇದೆ, ಇರುವೆಯ ಮಾತಿಗೆ ಅವರು ಮುಗುಳ್ನಕ್ಕದ್ದಿದೆ, ಜಿನ್ನ್‌ಗಳು ದುಡಿದದ್ದಿದೆ. ಸಬಾದ ರಾಣಿಯ ಸಿಂಹಾಸನವನ್ನು ಯಾರು ತರುತ್ತೀರಿ ಅಂತ ಕೇಳಿದಾಗ ಬಲಿಷ್ಠನಾದ ಇಫ್ರೀತ್ ಒಬ್ಬ ನೀವು ಜಾಗದಿಂದ ಏಳುವುದರೊಳಗೆ ತರುತ್ತೇನೆ ಅನ್ನುತ್ತಾನೆ. ಗ್ರಂಥದ ಜ್ಞಾನವಿದ್ದ ಒಬ್ಬರು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ತಂದುಬಿಡುತ್ತಾರೆ (27:38-40). ಜಿನ್ನ್‌ನ ತೋಳ್ಬಲವನ್ನು ಜ್ಞಾನ ಸೋಲಿಸಿದ ದೃಶ್ಯ ಅದು. ಸಿಂಹಾಸನ ಎದುರಿಗೆ ಬಂದಾಗ ಸುಲೈಮಾನ್(ಅ) ಮೆರೆಯಲಿಲ್ಲ. ನಾನು ಕೃತಜ್ಞನೋ ಕೃತಘ್ನನೋ ಅಂತ ನನ್ನ ಪ್ರಭು ಪರೀಕ್ಷಿಸುತ್ತಿದ್ದಾನೆ ಎಂಬ ಅರ್ಥದ ಮಾತಾಡಿದರು. ಯಾವ ಚಿತ್ರಕತೆಗಾರನಿಗೂ ಇದಕ್ಕಿಂತ ದೊಡ್ಡ ದೃಶ್ಯ ಬೇಕಾ ಹೇಳಿ?

ಇನ್ನೊಂದಿದೆ. ಅವರ ಕೈಯಲ್ಲಿ ಕುರ್‌ಆನ್ ನಮಗೆ ತೋರಿಸುವ ವಸ್ತು ಒಂದು ಊರುಗೋಲು (34:14). ಅದನ್ನೂರಿ ನಿಂತೇ ಅವರು ತೀರಿಕೊಂಡಿದ್ದರು. ಜಿನ್ನ್‌ಗಳಿಗೆ ಗೊತ್ತೇ ಆಗಲಿಲ್ಲ, ಹೆದರಿಕೊಂಡು ದುಡಿಯುತ್ತಲೇ ಇದ್ದವು. ಮಣ್ಣಿನ ಹುಳ ಕೋಲನ್ನು ತಿಂದು, ದೇಹ ಕೆಳಗೆ ಬಿದ್ದಾಗಲೇ ವಿಷಯ ತಿಳಿದದ್ದು. ಅಗೋಚರ ಜ್ಞಾನ ತಮಗಿದೆ ಅಂದುಕೊಂಡಿದ್ದವರ ಅವಸ್ಥೆ ಹೀಗಾಯಿತು. ಮುಂದಿನ ಎಪಿಸೋಡಿನಲ್ಲಿ ಏನಾಗುತ್ತದೆ ಅಂತ ಪಂಥ ಕಟ್ಟುವ ನಮ್ಮ ಹುಡುಗರಿಗೆ ಈ ಭಾಗವನ್ನು ಹೇಳಿ ಸ್ವಲ್ಪ ಕಾಲೆಳೆದಿದ್ದೂ ಇದೆ. ಆದರೆ ಇದರ ಭಾರವನ್ನು ನೀವೇ ತೂಗಿ ನೋಡಿ. ಲೋಕ ಕಂಡ ಅತಿ ದೊಡ್ಡ ಸಾಮ್ರಾಟನ ಅವಶೇಷ ಅಂತ ಉಳಿದದ್ದು ಗೆದ್ದಲು ತಿಂದ ಕೋಲು. ಇದರಲ್ಲಿ ನೀಲಿ ಬೆಳಕು ಎಲ್ಲಿಂದ ತರುತ್ತೀರಿ?

ಹಾಗಾದರೆ ಪವಿತ್ರ ಅವಶೇಷ ಎಂಬ ಕಲ್ಪನೆಯೇ ನಮ್ಮಲ್ಲಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಖಂಡಿತ ಇದೆ. ತಾಲೂತರ ಅರಸೊತ್ತಿಗೆಗೆ ಗುರುತಾಗಿ ಬಂದ ತಾಬೂತ್, ಅಂದರೆ ಪೆಟ್ಟಿಗೆಯಲ್ಲಿ ಮೂಸಾ ಮತ್ತು ಹಾರೂನರ(ಅ) ಮನೆತನ ಬಿಟ್ಟುಹೋದ ವಸ್ತುಗಳಿದ್ದವು ಅಂತ ಕುರ್‌ಆನೇ ಹೇಳುತ್ತದೆ (2:248). ಅಲ್ಲಿ ಅದನ್ನು ಕರೆದಿರುವುದು ದೃಷ್ಟಾಂತ ಅಂತ, ನೆಮ್ಮದಿ ಅಂತ. ವಿಜಯಪುರದ ಆಸಾರ್ ಮಹಲ್ ನೋಡಿದ್ದೀರಾ? ಮುಹಮ್ಮದ್ ಆದಿಲ್ ಶಾಹ್ ಕಾಲದಲ್ಲಿ, 1646ರ ಸುಮಾರಿಗೆ ನ್ಯಾಯಸ್ಥಾನವಾಗಿ ಕಟ್ಟಿದ್ದು. ಆಮೇಲೆ ಪ್ರವಾದಿ(ಸ) ಅವರ ಗಡ್ಡದ ಕೂದಲು ಅಂತ ನಂಬಲಾದ ಅವಶೇಷವನ್ನು ಇಡುವ ಜಾಗವಾಯಿತು. 'ಆಸಾರ್' ಅಂದರೆ ಹೆಜ್ಜೆಗುರುತುಗಳು, ಉಳಿಕೆಗಳು. ಕಾಶ್ಮೀರದ ಹಜ್ರತ್‌ಬಲ್‌ನಲ್ಲಿರುವ ಕೂದಲೂ ಮೊದಲು ಬಿಜಾಪುರಕ್ಕೇ ಬಂದಿತ್ತು ಎಂಬುದು ಅಲ್ಲಿಯ ಪರಂಪರೆ. 1963ರ ಡಿಸೆಂಬರ್ ಕೊನೆಗೆ ಅದು ಕಾಣೆಯಾದಾಗ ಇಡೀ ಕಣಿವೆ ಬೀದಿಗಿಳಿಯಿತು. ಮರುವರ್ಷ ಜನವರಿ ಮೊದಲ ವಾರ ಸಿಕ್ಕಿತು. ಆ ಚಳಿಯಲ್ಲಿ ಬೀದಿಯಲ್ಲಿ ನಿಂತ ಜನಕ್ಕೆ ಆ ಕೂದಲು ಯಾವ ವರವನ್ನೂ ಕೊಡುವ ಯಂತ್ರವಾಗಿರಲಿಲ್ಲ. ತೀರಿಹೋದ ಅಪ್ಪನ ಕನ್ನಡಕವನ್ನು ಯಾರೋ ಕದ್ದರೆ ಆಗುವ ಸಂಕಟ ಅದು, ಸಾವಿರ ಪಾಲು.

ಇಂಥ ಅವಶೇಷಗಳ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಜಗಳಗಳೂ ಇವೆ. ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಎಲ್ಲರೂ ಒಪ್ಪುವ ಅಳತೆಗೋಲು ಒಂದಿದೆ. ಉಮರ್(ರ) ಹಜರುಲ್ ಅಸ್ವದನ್ನು ಚುಂಬಿಸುವಾಗ, ನೀನು ಒಳಿತನ್ನೂ ಕೆಡುಕನ್ನೂ ಮಾಡಲಾರದ ಕಲ್ಲು, ಪ್ರವಾದಿಯವರು ಚುಂಬಿಸಿದ್ದನ್ನು ಕಂಡಿರದಿದ್ದರೆ ನಾನು ಚುಂಬಿಸುತ್ತಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದು. ಬುಖಾರಿಯಲ್ಲಿದೆ. ಪ್ರೀತಿ ಇದೆ, ಭ್ರಮೆ ಇಲ್ಲ.

ಈ ಅಳತೆಗೋಲು ಹಿಡಿದು ನಮ್ಮ ಜಿನ್ನ್ ಧಾರಾವಾಹಿಗಳನ್ನು ನೋಡಿದರೆ ನಿರಾಸೆಯಾಗುತ್ತದೆ. 2003-04ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ 'ಹಾತಿಮ್' ನೆನಪಿದೆಯಾ? ಅದರ ಖಳನಾಯಕನ ಹೆಸರು ದಜ್ಜಾಲ್! ಅಂತ್ಯಕಾಲದ ಮಹಾ ವಂಚಕನ ಹೆಸರನ್ನು ತಂದು ಒಬ್ಬ ಮಾಂತ್ರಿಕನಿಗೆ ಅಂಟಿಸಿದರು. ಕಿವಿಗೆ ಭಯಂಕರವಾಗಿ ಕೇಳಿಸಿದರೆ ಆಯಿತಲ್ಲ. ನಿರ್ಮಲ್ ಪಾಂಡೆ ಆ ಪಾತ್ರವನ್ನು ಚೆನ್ನಾಗಿ ಮಾಡಿದರು, ಅದು ಬೇರೆ ಮಾತು. ನಿಜವಾದ ನಷ್ಟ ಹಾತಿಮನದ್ದು. ತಯ್ಯ್ ಬುಡಕಟ್ಟಿನ ಹಾತಿಮ್ ಇಸ್ಲಾಮಿಗಿಂತ ಮುಂಚಿನ ಕವಿ, ಕೊಡುಗೈ ದಾನಿ. ಆತನ ಮಗಳು ಸೆರೆಯಾಗಿ ಬಂದಾಗ ತಂದೆಯ ಔದಾರ್ಯವನ್ನು ನೆನೆದು ಪ್ರವಾದಿ(ಸ) ಬಿಡುಗಡೆ ಮಾಡಿದರು. ಮಗ ಅದೀ(ರ) ಸಹಾಬಿಯಾದರು. ನಮ್ಮ ದಖ್ಖನಿ ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಕಿಸ್ಸಾದಲ್ಲಿ ಹಾತಿಮ್ ಏಳು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಅಲೆಯುವುದು ತನಗಾಗಿ ಅಲ್ಲ, ಪ್ರೇಮದಲ್ಲಿ ಸೋತು ಅಳುತ್ತಿದ್ದ ಪರದೇಶಿ ರಾಜಕುಮಾರನಿಗಾಗಿ. ದಾರಿಯಲ್ಲಿ ತೋಳವೊಂದು ಹಾಲೂಡುವ ಜಿಂಕೆಯನ್ನು ಹಿಡಿಯಲು ಹೋದಾಗ ತನ್ನ ತೊಡೆಯ ಮಾಂಸ ಕೊಯ್ದು ಕೊಡುತ್ತಾನೆ. ಶಿಬಿಯ ಕತೆ ಕೇಳಿ ಬೆಳೆದ ಪಕ್ಕದ ಮನೆಯ ಹುಡುಗನಿಗೆ ಇದನ್ನು ಹೇಳಿ ನೋಡಿ, ಅವನಿಗೆ ಇದು ಪರದೇಶದ ಕತೆ ಅನ್ನಿಸುವುದಿಲ್ಲ. ಕಿಸ್ಸಾದಲ್ಲೂ ಮಾಯದ ಮಣಿ ಇದೆ, ವಿಷ-ಬೆಂಕಿಯಿಂದ ಕಾಪಾಡುವ ಮೊಹರಾ. ಅದಿದೆ ಅಂತ ಹಾತಿಮ್ ದೊಡ್ಡವನಾಗಲಿಲ್ಲ. ಟಿವಿಯ ಹಾತಿಮನ ಕೈಯಿಂದ ಕತ್ತಿ ಕಿತ್ತುಕೊಂಡರೆ ಏನು ಉಳಿಯುತ್ತದೆ?

ನನಗೆ ಇದಕ್ಕಿಂತ ಚುಚ್ಚುವ ಸಂಗತಿ ಬೇರೆ. ನಮ್ಮ ಮಕ್ಕಳು ಪರದೆಯ ಮೇಲೆ 'ಅಮ್ಮಿ', 'ಸಲಾಂ', 'ಇನ್ಶಾ ಅಲ್ಲಾಹ್' ಕೇಳುವುದು ಹೆಚ್ಚಾಗಿ ಇಂಥ ಕಟ್ಟುಕತೆಗಳಲ್ಲೇ. ಅದೂ ಬಾಗ್ದಾದಿನಲ್ಲಿ, ರೇಶ್ಮೆ ಪೇಟ ಸುತ್ತಿಕೊಂಡು, ರತ್ನಗಂಬಳಿ ಮೇಲೆ. ಹಿಂದಿಯಲ್ಲಾಗಲಿ ಕನ್ನಡದಲ್ಲಾಗಲಿ ದಿನನಿತ್ಯದ ಸಂಸಾರದ ಧಾರಾವಾಹಿಯಲ್ಲಿ ಪಕ್ಕದ ಮನೆಯ ಮುಸ್ಲಿಮರು ಅಂತ ಒಂದು ಸಾಮಾನ್ಯ ಕುಟುಂಬ, ಗ್ಯಾಸ್ ಮುಗಿಯಿತು, ಮಗನ ಫೀಸು ಕಟ್ಟಬೇಕು ಅಂತ ಪೇಚಾಡುವ ಕುಟುಂಬ, ಎಷ್ಟು ಸಲ ಕಂಡಿದ್ದೀರಿ? ಸಾರಾ ಅಬೂಬಕ್ಕರ್, ಬೊಳುವಾರು, ಕಟಪಾಡಿ, ಬಾನು ಮುಷ್ತಾಕ್ ಇವರೆಲ್ಲ ದಶಕಗಳಿಂದ ಬರೆದದ್ದು ಅಂಥ ಮನೆಗಳನ್ನೇ. 2025ರಲ್ಲಿ ಬಾನು ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಟಿವಿಗೆ ಮಾತ್ರ ನಾವು ಜಿನ್ನ್ ಜೊತೆಗಿದ್ದರೇ ಚಂದ.

ಇತಿಹಾಸಕ್ಕೆ ಬಂದರೆ ಪರಿಸ್ಥಿತಿ ತಿರುಗುಮುರುಗು. ಸಂಜಯ್ ಖಾನರ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಚಿತ್ರೀಕರಣದಲ್ಲಿ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ಸತ್ತರು. ಮರುವರ್ಷ ಅದು ದೂರದರ್ಶನದಲ್ಲಿ ಪ್ರಸಾರವಾದಾಗ, ಇದು ಕಾಲ್ಪನಿಕ ಎಂಬ ಒಕ್ಕಣೆ ತೋರಿಸಿಯೇ ಪ್ರಸಾರವಾಗಬೇಕಾಯಿತು. ಹೌದು, ಭಗವಾನ್ ಗಿದ್ವಾನಿಯವರ ಕಾದಂಬರಿ ಆಧಾರಿತ ಅದು, ಕಾದಂಬರಿಯ ಸ್ವಾತಂತ್ರ್ಯ ತೆಗೆದುಕೊಂಡಿದ್ದು ನಿಜ. ಆದರೂ ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ನಿಂತವರಿಗೆ ಆ ಒಕ್ಕಣೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಅಲಾದೀನನಿಗೆ ವಿಳಾಸ ಬಾಗ್ದಾದ್, ಟಿಪ್ಪುವಿಗೆ ವಿಳಾಸ ಕಲ್ಪನೆ.

ಟಿಪ್ಪುವಿನ ವಸ್ತುಗಳ ಸುತ್ತ ನಡೆಯುವ ಊಹಾಪೋಹ ಯಾವ ಧಾರಾವಾಹಿ ಅಭಿಮಾನಿಗೂ ಕಡಿಮೆಯಿಲ್ಲ. 2003ರಲ್ಲಿ ವಿಜಯ್ ಮಲ್ಯ ಖರೀದಿಸಿದ ಖಡ್ಗ ಒಂದು. 2023ರಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಶಯನಗೃಹದ ಖಡ್ಗ ಇನ್ನೊಂದು. ಯಾವುದು 'ಅಸಲಿ' ಎಂಬ ವಾದ ಇನ್ನೂ ನಡೆಯುತ್ತಲೇ ಇದೆ. ಒಬ್ಬ ಸುಲ್ತಾನನಿಗೆ ಹತ್ತಾರು ಖಡ್ಗಗಳಿರುತ್ತವೆ ಅಂತ ಯಾರಿಗೂ ಹೊಳೆಯುವುದಿಲ್ಲ. ಈ ಲೇಖನದ ವಿಷಯಕ್ಕೆ ಹತ್ತಿರದ್ದು ಮೂರನೆಯದು, ಒಂದು ಉಂಗುರ. 2014ರ ಮೇ ತಿಂಗಳಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1,45,000 ಪೌಂಡಿಗೆ ಮಾರಾಟವಾದ ಚಿನ್ನದ ಉಂಗುರ. 1799ರಲ್ಲಿ ಟಿಪ್ಪುವಿನ ಬೆರಳಿನಿಂದ ತೆಗೆದದ್ದು ಅಂತ ಹರಾಜಿನವರ ಹೇಳಿಕೆ. ಅದರ ಮೇಲೆ ದೇವನಾಗರಿಯಲ್ಲಿ 'ರಾಮ' ಅಂತ ಇದೆ. ತಗೊಳ್ಳಿ, ಎರಡೂ ಕಡೆಯವರು ಕತೆ ಹೆಣೆಯಲು ಶುರು. ಒಬ್ಬರಿಗೆ ಅದು ಸೌಹಾರ್ದದ ಪುರಾವೆ, ಇನ್ನೊಬ್ಬರಿಗೆ ಲೂಟಿಯ ಪುರಾವೆ. ಉಂಗುರ ಸುಮ್ಮನಿದೆ. ಕತ್ತಿ-ಉಂಗುರಗಳಿಂದ ಟಿಪ್ಪುವಿನ ಮನಸ್ಸನ್ನು ಓದುವ ಬದಲು, ಆತ ಶೃಂಗೇರಿ ಮಠಕ್ಕೆ ಬರೆದ ಕಾಗದಗಳು ಕನ್ನಡದಲ್ಲೇ ಇವೆಯಲ್ಲ, ಅವನ್ನು ಓದಬಹುದು.

ನಾಗಪುರದವರಿಗೂ ಈಚೆಗೆ ಇಂಥದ್ದೇ ಒಂದು ಸಿಕ್ಕಿದೆ. ನಾಗಪುರದ ಭೋಸಲೆ ಮನೆತನವನ್ನು ಸ್ಥಾಪಿಸಿದ ರಘೂಜಿ ಭೋಸಲೆಯ ಹೆಸರಿರುವ ಖಡ್ಗವನ್ನು 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಲಂಡನ್ ಹರಾಜಿನಲ್ಲಿ 47.15 ಲಕ್ಷ ರೂಪಾಯಿಗೆ ಪಡೆಯಿತು. ಅಲಗು ಯುರೋಪಿನದು, ಚಿನ್ನದಲ್ಲಿ ಕೂರಿಸಿದ ಹೆಸರು ದೇವನಾಗರಿಯಲ್ಲಿ. 1817ರ ಸೀತಾಬರ್ಡಿ ಯುದ್ಧದ ಬಳಿಕ ಕಂಪನಿಯವರ ಕೈಸೇರಿರಬೇಕು ಎಂಬುದು ಊಹೆ. ಊಹೆ ಅಂತಲೇ ಅದನ್ನು ಹೇಳಿದ್ದಾರೆ, ನನಗೆ ಹಿಡಿಸಿದ್ದು ಅದು. ಆ ಖಡ್ಗ ಹಿಡಿದರೆ ಪವಾಡವಾಗುತ್ತದೆ ಅಂತ ಯಾರೂ ಹೇಳುತ್ತಿಲ್ಲ. ನಮ್ಮದಾಗಿತ್ತು, ವಾಪಸು ಬಂತು, ಅಷ್ಟೇ ಸಂತೋಷ.

ಪವಾಡದ ಮಾರುಕಟ್ಟೆ ಮಾತ್ರ ಬೇರೆ ಕಡೆ ಚೆನ್ನಾಗಿ ನಡೆಯುತ್ತಿದೆ. 'ಸುಲೇಮಾನಿ ಹಕೀಕ್' ಅಂತ ಕಪ್ಪು-ಬಿಳಿ ಪಟ್ಟೆಯ ಕಲ್ಲಿನ ಉಂಗುರ ದರ್ಗಾಗಳ ಮುಂದಿನ ಅಂಗಡಿಗಳಲ್ಲೂ ಸಿಗುತ್ತದೆ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೂ ಬರುತ್ತದೆ. ನಜರ್ ತೆಗೆಯುತ್ತದೆ, ಕೆಲಸ ಕೊಡಿಸುತ್ತದೆ, ಶತ್ರುಗಳ ಬಾಯಿ ಮುಚ್ಚಿಸುತ್ತದೆ. ಕಲ್ಲು ಚೆನ್ನಾಗಿದೆ ಅಂತ ಹಾಕಿಕೊಳ್ಳುವವರ ಬಗ್ಗೆ ನನ್ನದೇನೂ ಇಲ್ಲ. ಆದರೆ ಕೆಲಸ ಕಳೆದುಕೊಂಡವನು ಕೊನೆಯ ಸಾವಿರ ರೂಪಾಯಿಯನ್ನು ಅದಕ್ಕೆ ಹಾಕುವಾಗ, ಅವನ ತಲೆಯಲ್ಲಿ ಇರುವುದು ಕುರ್‌ಆನಿನ ಸುಲೈಮಾನ್(ಅ) ಅಲ್ಲ, ಟಿವಿಯ ನೀಲಿ ಬೆಳಕು. ನಮ್ಮ ಕರಾವಳಿಯವರು ಹಾಲಿಲ್ಲದ ಚಹಾಕ್ಕೂ ಸುಲೈಮಾನಿ ಅಂತಾರೆ. ಕಡೇಪಕ್ಷ ಅದರಿಂದ ತಲೆನೋವಾದರೂ ಇಳಿಯುತ್ತೆ.

ಅಲಾದೀನನ ಉಂಗುರದ ಜಿನ್ನ್ ಬಗ್ಗೆ ಒಂದು ಮಾತು ಉಳಿದಿದೆ. ದೀಪ ಕಳುವಾಗಿ ಅರಮನೆಯೇ ಮಾಯವಾದಾಗ ಅಲಾದೀನ್ ಅದನ್ನು ವಾಪಸು ತಾ ಅನ್ನುತ್ತಾನೆ. ಅದು ನನ್ನ ಕೈಲಾಗದು, ಅದು ದೀಪದವನ ಕೆಲಸ ಅಂತ ಆ ಜಿನ್ನ್ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ನನ್ನನ್ನೇ ಅಲ್ಲಿಗೆ ಒಯ್ಯಿ ಅನ್ನುತ್ತಾನೆ ಹುಡುಗ. ಮುಂದಿನದನ್ನು ಅವನೂ ರಾಜಕುಮಾರಿಯೂ ಬುದ್ಧಿಯಿಂದಲೇ ಮಾಡಬೇಕಾಗುತ್ತದೆ. ಧಾರಾವಾಹಿಯವರು ಉಂಗುರವನ್ನು ತರುವುದೇ ಆದರೆ ಈ ಉಂಗುರವನ್ನು ತರಲಿ.

ಸುಲೈಮಾನರ ಮುದ್ರೆಯೇ ಬೇಕು ಅನ್ನುವವರಿಗೆ ಅಲಿಫ್ ಲೈಲಾದಲ್ಲಿ ಇನ್ನೊಂದು ಕತೆ ಇದೆ, ತಾಮ್ರದ ಪಟ್ಟಣದ್ದು. ಜಿನ್ನ್‌ಗಳನ್ನು ತುಂಬಿ ಸುಲೈಮಾನರ ಮುದ್ರೆ ಒತ್ತಿದ ಹಿತ್ತಾಳೆಯ ಹೂಜಿಗಳನ್ನು ನೋಡಬೇಕು ಅಂತ ಖಲೀಫ ಅಬ್ದುಲ್ ಮಲಿಕರಿಗೆ ಆಸೆಯಾಗುತ್ತದೆ. ಅಮೀರ್ ಮೂಸಾ ಜನರನ್ನು ಕಟ್ಟಿಕೊಂಡು ಹೊರಡುತ್ತಾರೆ. ದಾರಿಯುದ್ದಕ್ಕೂ ಸಿಗುವುದು ಸತ್ತ ಅರಮನೆಗಳು, ಗೋರಿಗಳು, ಒಂದು ಕಾಲದಲ್ಲಿ ಮೆರೆದವರು ಕಲ್ಲಿನಲ್ಲಿ ಕೆತ್ತಿಸಿಹೋದ ಎಚ್ಚರಿಕೆಗಳು. ಅವನ್ನು ಓದಿ ಓದಿ ಮೂಸಾ ಅಳುತ್ತಾರೆ. ಸತ್ತ ರಾಣಿಯ ಮೈಮೇಲಿನ ಒಡವೆಗೆ ಕೈ ಹಾಕಿದವನು ಅಲ್ಲೇ ಪ್ರಾಣ ಬಿಡುತ್ತಾನೆ. ಕೊನೆಗೆ ಕಡಲ ತೀರದ ಜನ ಕೆಲವು ಹೂಜಿ ಕೊಡುತ್ತಾರೆ. ಡಮಾಸ್ಕಸ್ಸಿಗೆ ತಂದು ಒಂದೊಂದೇ ಮುಚ್ಚಳ ತೆಗೆದರೆ, ಹೊರಬಂದ ಪ್ರತಿ ಜಿನ್ನ್‌ನ ಬಾಯಲ್ಲಿ ಒಂದೇ ಮಾತು, ಪ್ರವಾದಿಯೇ ತಪ್ಪಾಯಿತು, ತೌಬಾ. ಸುಲೈಮಾನ್(ಅ) ಬದುಕಿಲ್ಲ ಎಂಬುದು ಅವಕ್ಕೆ ಇನ್ನೂ ಗೊತ್ತಿಲ್ಲ. ಅದೇ ಊರುಗೋಲಿನ ಪ್ರಸಂಗ, ಜನರ ಬಾಯಲ್ಲಿ ಇನ್ನೊಂದು ರೂಪ ತಾಳಿ ಬಂದದ್ದು. ಇಷ್ಟೆಲ್ಲ ಕಂಡ ಮೇಲೆ ಅಮೀರ್ ಮೂಸಾ ಅಧಿಕಾರವನ್ನು ಮಗನಿಗೆ ಬಿಟ್ಟು, ಉಳಿದ ದಿನಗಳನ್ನು ಆರಾಧನೆಯಲ್ಲಿ ಕಳೆಯಲು ಜೆರುಸಲೇಮಿಗೆ ಹೊರಟುಹೋಗುತ್ತಾರೆ.